ಕಛೇರಿಗೆ ಒಯ್ಯುವ ಲೆನ್ಸ್: ಕ್ಯಾನನ್ 50 ಎಂಎಂ ಎಫ್/1.8 ಎಸ್‌ಟಿಎಂ

ಸಂಗೀತ ಕಛೇರಿಗಳಲ್ಲಿ ಫೋಟೊ ತೆಗೆಯಬೇಕೆಂದು ಹೊರಡುವ ಹವ್ಯಾಸಿಗೆ ಮೊದಲು ಎದುರಾಗುವ ತೊಡಕು ಬೆಳಕಿನದು. ಅದರ ಬೆನ್ನಿಗೇ ಬರುವುದು ದುಡ್ಡಿನದು. ಕ್ಯಾಮೆರಾದ ಪೆಟ್ಟಿಗೆಯಲ್ಲೇ ಬರುವ 18-55 ಎಂಎಂ ಕಿಟ್ ಲೆನ್ಸನ್ನು ಪೂರ್ತಿ ಚಾಚಿದಾಗ ಅದರ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್/5.6ಕ್ಕಿಂತ ಹೆಚ್ಚು ತೆರೆದುಕೊಳ್ಳುವುದಿಲ್ಲ (ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಸಭಾಂಗಣದ ವೇದಿಕೆಯ ಮೇಲಿರುವ ಬೆಳಕಿಗೆ ಅಷ್ಟು ಸಾಲುವುದಿಲ್ಲ. ಪತ್ರಿಕಾ ಛಾಯಾಗ್ರಾಹಕರ ಕೈಯಲ್ಲಿ ಕಾಣುವ 70-200 ಎಂಎಂ ಎಫ್/2.8 ಲೆನ್ಸು ಒಂದೂವರೆ ಕಿಲೋದಷ್ಟು ತೂಗುತ್ತದೆ, ಹೊಸದರ ಬೆಲೆ ಲಕ್ಷ ದಾಟುತ್ತದೆ. ಈ ಎರಡು ತುದಿಗಳ ನಡುವೆ, ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ, 160 ಗ್ರಾಂ ತೂಕದ, ಅಂಗೈಯಲ್ಲಿ ಅಡಗುವ ಲೆನ್ಸೊಂದಿದೆ: ಕ್ಯಾನನ್ ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂ. ಬೆಂಗಳೂರಿನ ಕಛೇರಿಗಳಿಗೂ ಮನೆಯ ಕಿಟಕಿಯ ಪಕ್ಕದ ಪ್ರಯೋಗಗಳಿಗೂ ನಾನು ಬಹುಕಾಲದಿಂದ ಇದನ್ನೇ ಬಳಸುತ್ತಿದ್ದೇನೆ. ಸಂಗೀತ ಕೇಳಲೆಂದೇ ಹೋಗಿ, ಜೊತೆಗೆ ನಾಲ್ಕು ಚಿತ್ರ ತೆಗೆದುಕೊಂಡು ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಮರ್ಶೆ ಬರೆಯುತ್ತಿದ್ದೇನೆ. ಚಿತ್ರ ತೆಗೆಯುವುದೇ ಉದ್ಯೋಗವಾಗಿರುವವರ ಅಳತೆಗೋಲು ಬೇರೆ.

ಲೆನ್ಸಿನ ವಂಶಾವಳಿ ಹಳೆಯದು. ಕ್ಯಾನನ್ ತನ್ನ ಇಎಫ್ ಮೌಂಟನ್ನು ಹೊರತಂದ 1987ರಲ್ಲೇ ಮೊದಲ 50 ಎಂಎಂ ಎಫ್/1.8 ಬಂದಿತ್ತು. 1990ರಲ್ಲಿ ಖರ್ಚು ತಗ್ಗಿಸಿ, ಕ್ಯಾಮೆರಾಕ್ಕೆ ಕೂರುವ ಮೌಂಟನ್ನೂ ಪ್ಲಾಸ್ಟಿಕ್ಕಿನಲ್ಲೇ ಮಾಡಿದ ಎರಡನೆಯ ಆವೃತ್ತಿ ಬಂದು ಹೆಚ್ಚುಕಡಿಮೆ ಕಾಲು ಶತಮಾನ ಮಾರಾಟದಲ್ಲಿ ಉಳಿಯಿತು. ಈಗಿನ ಎಸ್‌ಟಿಎಂ ಆವೃತ್ತಿ 2015ರದು. ಒಳಗಿರುವುದು ಐದು ಗುಂಪುಗಳಲ್ಲಿ ಜೋಡಿಸಿದ ಆರು ಗಾಜುಗಳು. ಆ ವಿನ್ಯಾಸದಲ್ಲಿ ಹೊಸತೇನೂ ಇಲ್ಲ. ಆದರೆ ಹೊಸ ಆವೃತ್ತಿಯ ಮೌಂಟ್ ಲೋಹದ್ದು, ಅತಿ ಹತ್ತಿರದ ಫೋಕಸ್ ದೂರ 45 ಸೆಂಟಿಮೀಟರಿನಿಂದ 35ಕ್ಕೆ ಇಳಿದಿದೆ, ಅಪರ್ಚರಿನ ಅಲಗುಗಳು ಐದರ ಬದಲು ಏಳಾಗಿ ದುಂಡಗಾಗಿವೆ. ಕಛೇರಿಗೆ ಹೋಗುವವರಿಗೆ ಕಣ್ಣಿಗೆ ಕಾಣುವ ವ್ಯತ್ಯಾಸ ಈ ಕೊನೆಯದು. ಚಪ್ಪರದ ಹಿಂಬದಿಯಲ್ಲಿ ತೂಗುವ ಬಲ್ಬುಗಳ ಸರ, ಲೆನ್ಸನ್ನು ಎಫ್/2.8ಕ್ಕೆ ಇಳಿಸಿದಾಗ, ಹಳೆಯದರಲ್ಲಿ ಐದು ಮೂಲೆಯ ಬಿಲ್ಲೆಗಳಾಗಿ ಮೂಡುತ್ತಿತ್ತು. ಹೊಸದರಲ್ಲಿ ಅವು ದುಂಡಗೆ, ಮೆತ್ತಗೆ ಉಳಿಯುತ್ತವೆ.

ಎಫ್/5.6 ಮತ್ತು ಎಫ್/1.8ರ ನಡುವಿನ ಅಂತರ ಅಂಕಿಗಳಲ್ಲಿ ಚಿಕ್ಕದಾಗಿ ಕಂಡರೂ ಬೆಳಕಿನ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಹತ್ತು ಪಟ್ಟು. ಕಿಟ್ ಲೆನ್ಸಿನಲ್ಲಿ ಐಎಸ್‌ಒ 6400ಕ್ಕೆ (ಐಎಸ್‌ಒ ಎಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಏರಿಸಿ, ಕಾಳುಕಾಳಾಗಿ ತೆಗೆಯಬೇಕಾಗುತ್ತಿದ್ದ ಚಿತ್ರವನ್ನು ಇದರಲ್ಲಿ ಐಎಸ್‌ಒ 800ರ ಒಳಗೇ ತೆಗೆಯಬಹುದು. ಇಲ್ಲವೇ ಐಎಸ್‌ಒ ಅಷ್ಟೇ ಇಟ್ಟು ಶಟರನ್ನು ಸೆಕೆಂಡಿನ 30ನೇ ಒಂದು ಭಾಗದಿಂದ 250ನೇ ಒಂದು ಭಾಗಕ್ಕೆ ಒಯ್ಯಬಹುದು. ಗಾಯಕರು ಆಲಾಪನೆಯಲ್ಲಿ ತಲ್ಲೀನರಾಗಿ ಒಂದು ಸ್ವರದ ಮೇಲೆ ನಿಂತಾಗ 60ನೇ ಒಂದು ಭಾಗವೂ ಸಾಕು. ಆದರೆ ತನಿ ಆವರ್ತನದಲ್ಲಿ, ಅಂದರೆ ತಾಳವಾದ್ಯದವರೇ ನುಡಿಸುವ ಭಾಗದಲ್ಲಿ, ಮೃದಂಗದ ಬೆರಳುಗಳು ಅಲುಗಾಡದಂತೆ ಸೆರೆಯಾಗಬೇಕಾದರೆ 250 ಕೂಡ ಕೆಲವೊಮ್ಮೆ ಕಡಿಮೆಯೇ. ಅಲ್ಲಿ ಈ ಲೆನ್ಸಿನ ದೊಡ್ಡ ಕಿಂಡಿಗೆ ಕೊಟ್ಟ ದುಡ್ಡು ಪೂರ್ತಿ ವಸೂಲಾಗುತ್ತದೆ.

ಝೂಮ್ ಇಲ್ಲದ ಲೆನ್ಸಿನೊಂದಿಗೆ ಎಲ್ಲಿ ಕೂರಬೇಕೆಂಬುದು ಮುಖ್ಯ ಪ್ರಶ್ನೆ, ಅದಕ್ಕೆ ಸ್ವಲ್ಪ ಲೆಕ್ಕ ಬೇಕು. ನಮ್ಮಲ್ಲಿ ಹೆಚ್ಚಿನ ಹವ್ಯಾಸಿಗಳ ಬಳಿ ಇರುವುದು ಕ್ಯಾನನ್ನಿನ 1500ಡಿ, 200ಡಿಯಂಥ ಕ್ಯಾಮೆರಾಗಳು. ಅವುಗಳ ಸೆನ್ಸರ್ ಚಿಕ್ಕದಾದ್ದರಿಂದ ಈ 50 ಎಂಎಂ ಲೆನ್ಸು ಪೂರ್ಣ ಚೌಕಟ್ಟಿನ ಕ್ಯಾಮೆರಾದ 80 ಎಂಎಂ ಲೆನ್ಸಿನಂತೆ ನೋಡುತ್ತದೆ. ಹತ್ತು ಮೀಟರ್ ದೂರದಲ್ಲಿ ಕೂತರೆ ಚೌಕಟ್ಟಿನ ಅಗಲಕ್ಕೆ ನಾಲ್ಕೂವರೆ ಮೀಟರ್ ವೇದಿಕೆ ಹಿಡಿಯುತ್ತದೆ, ಅಂದರೆ ಗಾಯಕರು, ಪಿಟೀಲು, ಮೃದಂಗ, ಹಿಂದೆ ತಂಬೂರಿ, ಎಲ್ಲರೂ ಸೇರುತ್ತಾರೆ. ಐದು ಮೀಟರಿನಲ್ಲಿ ಅಗಲ ಎರಡು ಮೀಟರಿಗಿಂತ ತುಸು ಹೆಚ್ಚು. ಗಾಯಕರೂ ಒಬ್ಬ ಪಕ್ಕವಾದ್ಯದವರೂ ಹಿಡಿಯುತ್ತಾರೆ. ಮೂರು ಮೀಟರಿನಲ್ಲಿ ಕ್ಯಾಮೆರಾವನ್ನು ಉದ್ದುದ್ದ ಹಿಡಿದರೆ ಒಬ್ಬರೇ ಕಲಾವಿದರು, ಮಡಿಲಿನಿಂದ ತಲೆಯವರೆಗೆ, ಕೈಯಾಡಿಸಲು ಸ್ವಲ್ಪ ಜಾಗದೊಂದಿಗೆ ಸಿಗುತ್ತಾರೆ. ಇದರಾಚೆ, ಇಪ್ಪತ್ತು ಮೀಟರಿನಲ್ಲಿ, ಚಿತ್ರದ ತುಂಬ ಪರದೆಯೂ ಬ್ಯಾನರೂ ಹೂವಿನ ಕುಂಡಗಳೂ ತುಂಬಿ, ಕಲಾವಿದರು ನಡುವೆಲ್ಲೋ ಚಿಕ್ಕದಾಗಿ ಉಳಿಯುತ್ತಾರೆ. ಒಟ್ಟಿನಲ್ಲಿ ಇದು ಮುಂದಿನ ಸಾಲುಗಳ ಲೆನ್ಸು.

ಮಲ್ಲೇಶ್ವರದ ಬಳಿಯ ಚೌಡಯ್ಯ ಸ್ಮಾರಕ ಭವನದಲ್ಲಿ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಪಿಟೀಲಿನ ಆಕಾರದಲ್ಲೇ ಕಟ್ಟಿ 1980ರಲ್ಲಿ ತೆರೆದ ಆ ಭವನದಲ್ಲಿ ಸಾವಿರಕ್ಕೂ ಹೆಚ್ಚು ಆಸನಗಳಿವೆ. ಹಿಂದಿನ ಅರ್ಧದಲ್ಲಿ ಕೂತವರಿಗೆ 50 ಎಂಎಂ ಏನನ್ನೂ ಮಾಡಿಕೊಡಲಾರದು. ಮೈಕಿನ ನೆರವು ಸಾಲದ ಕಾಲದಲ್ಲಿ ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸುವುದಿಲ್ಲವೆಂಬ ಕೊರಗಿನಿಂದಲೇ ಟಿ. ಚೌಡಯ್ಯನವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ಸೇರಿಸಿ ಏಳು ತಂತಿಯದನ್ನು ರೂಢಿಸಿಕೊಂಡವರು. ಹಿಂದಿನ ಸಾಲಿನವರ ಬಗ್ಗೆ ಲೆನ್ಸು ತಯಾರಕರಿಗೆ ಅಂಥ ಕಾಳಜಿ ಇರುವುದು ಲಕ್ಷದ ಬೆಲೆಯಲ್ಲಿ ಮಾತ್ರ.

ಇದಕ್ಕೆ ಹೇಳಿ ಮಾಡಿಸಿದ ಜಾಗ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಚಪ್ಪರ. ಶ್ರೀರಾಮ ಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ಈ ಸಂಗೀತೋತ್ಸವದಲ್ಲಿ ಸಭಾಂಗಣದ ಬಿಗುವು ಕಡಿಮೆ; ಸಾಲುಗಳ ಬದಿಯಲ್ಲಿ ನಡೆದಾಡಲು ಜಾಗವಿರುತ್ತದೆ, ಒಂದು ಕೀರ್ತನೆ ಮುಗಿದು ಚಪ್ಪಾಳೆ ಬಿದ್ದಾಗ ಸದ್ದಿಲ್ಲದೆ ಕುರ್ಚಿ ಬದಲಿಸಬಹುದು. ಎಲ್ಲಿ ಕೂರಬೇಕೆಂಬುದಕ್ಕೆ ಕರ್ನಾಟಕ ಸಂಗೀತದ ಕೂರುವ ಕ್ರಮವೇ ದಾರಿ ತೋರಿಸುತ್ತದೆ. ಮೃದಂಗದವರು ಸಾಮಾನ್ಯವಾಗಿ ಗಾಯಕರ ಬಲಕ್ಕೆ, ಪಿಟೀಲಿನವರು ಎಡಕ್ಕೆ ಕೂರುತ್ತಾರೆ. ಇಬ್ಬರೂ ಮುಖ ಮಾಡುವುದು ಗಾಯಕರ ಕಡೆಗೆ. ಆದ್ದರಿಂದ ಮೃದಂಗ ವಾದಕರ ಮುಖ ಬೇಕೆಂದರೆ, ವೇದಿಕೆಯನ್ನು ನೋಡುವ ನಮಗೆ ಬಲಗಡೆಯ ಸಾಲಿನಲ್ಲಿ ಕೂರಬೇಕು. ಪಿಟೀಲು ವಾದಕರ ಮುಖ ಬೇಕೆಂದರೆ ಎಡಗಡೆ. ನಟ್ಟನಡುವೆ ಕೂತವರಿಗೆ ಗಾಯಕರ ಬಾಯಿಗೆ ಅಡ್ಡವಾಗಿ ಮೈಕು ಮಾತ್ರ ಗ್ಯಾರಂಟಿ. ಮಧ್ಯಂತರದ ಪಾನಕ ಕೋಸಂಬರಿಯ ಗದ್ದಲದಲ್ಲಿ ಜಾಗ ಬದಲಿಸಿಕೊಂಡರೆ ಎರಡೂ ಕಡೆಯ ಚಿತ್ರಗಳು ಒಂದೇ ಸಂಜೆಗೆ ದಕ್ಕುತ್ತವೆ.

ಮೈಕಿನ ಮಾತು ಬಂದಿತಲ್ಲ, ಈ ಲೆನ್ಸಿನ ಸ್ವಭಾವವನ್ನು ಅರಿಯಲು ಅದೇ ಒಳ್ಳೆಯ ಪಾಠ. ಮೂರು ಮೀಟರ್ ದೂರದಿಂದ ಎಫ್/1.8ರಲ್ಲಿ ತೆಗೆದರೆ ಚಿತ್ರದಲ್ಲಿ ಸ್ಪಷ್ಟವಾಗಿ ಉಳಿಯುವ ಆಳ ಸುಮಾರು 25 ಸೆಂಟಿಮೀಟರ್, ಅದರಲ್ಲಿ ಅರ್ಧ ಮುಂದಕ್ಕೆ, ಅರ್ಧ ಹಿಂದಕ್ಕೆ. ಗಾಯಕರ ಕಣ್ಣಿಗೆ ಫೋಕಸ್ ಮಾಡಿದರೆ ಒಂದು ಗೇಣು ಮುಂದಿರುವ ಮೈಕು ಮೆತ್ತಗಾಗುತ್ತದೆ, ಹಿಂದೆ ಕೂತ ತಂಬೂರಿಯ ಶಿಷ್ಯೆ ಬಣ್ಣದ ನೆರಳಾಗುತ್ತಾಳೆ, ಬ್ಯಾನರಿನ ಪ್ರಾಯೋಜಕರ ಹೆಸರುಗಳು ಓದಲಾಗದಂತೆ ಕರಗುತ್ತವೆ (ಈ ಕೊನೆಯದಕ್ಕಾಗಿಯೇ ಲೆನ್ಸಿಗೆ ಒಂದು ನಮಸ್ಕಾರ ಸಲ್ಲಬೇಕು). ಆದರೆ ಕ್ಯಾಮೆರಾಕ್ಕೆ ಎಲ್ಲ ಫೋಕಸ್ ಬಿಂದುಗಳನ್ನೂ ಬಿಟ್ಟುಕೊಟ್ಟರೆ ಅದು ಹತ್ತಿರದ, ಹೊಳೆಯುವ, ಗೆರೆಗೆರೆಯಾಗಿರುವ ವಸ್ತುವನ್ನೇ ಆರಿಸಿಕೊಳ್ಳುತ್ತದೆ. ಅಂಥ ವಸ್ತು ಮೈಕಿನ ಜಾಲರಿಯಲ್ಲದೆ ಬೇರೆಯಲ್ಲ. ಒಂದೇ ಬಿಂದುವನ್ನು ಆರಿಸಿ ಕಣ್ಣಿನ ಮೇಲಿಡುವುದು ಇಲ್ಲಿ ಅಭ್ಯಾಸವಾಗಿಬಿಡಬೇಕು. ಎರಡು ಮೀಟರಿಗೆ ಹೋದರೆ ಆ ಆಳ 11 ಸೆಂಟಿಮೀಟರಿಗೆ ಇಳಿಯುತ್ತದೆ, ಐದು ಮೀಟರಿಗೆ ಹಿಂದೆ ಸರಿದರೆ ಮುಕ್ಕಾಲು ಮೀಟರಿನ ಹತ್ತಿರಕ್ಕೆ ಹಿಗ್ಗುತ್ತದೆ.

ಗುಣದ ವಿಚಾರದಲ್ಲಿ ಲೆನ್ಸಿನ ಮಿತಿಗಳನ್ನು ಮುಚ್ಚಿಡಬೇಕಿಲ್ಲ. ಪೂರ್ತಿ ತೆರೆದಾಗ ಇದು ಸ್ವಲ್ಪ ಮಂಕು. ಈ ಬೆಲೆಯ ಎಲ್ಲ ದೊಡ್ಡ ಕಿಂಡಿಯ ಲೆನ್ಸುಗಳಂತೆ ಇದರಲ್ಲೂ ಹೊಳಪಿನ ವಸ್ತುಗಳ ಅಂಚಿಗೆ ನೇರಳೆಯ ಅಥವಾ ಹಸಿರಿನ ತೆಳುಗೆರೆ ಕಾಣುತ್ತದೆ. ಕಛೇರಿಯಲ್ಲಿ ಅದು ಎದ್ದು ಕಾಣುವುದು ಮೂಗುಬೊಟ್ಟಿನ ಹರಳಿನಲ್ಲಿ, ಜರಿಯಂಚಿನಲ್ಲಿ, ಮೈಕಿನ ಸ್ಟ್ಯಾಂಡಿನ ಮೇಲೆ. ಎಫ್/2.2ಕ್ಕೆ ಇಳಿಸಿದರೆ ಚಿತ್ರ ಗಟ್ಟಿಯಾಗುತ್ತದೆ, ಎಫ್/2.8ಕ್ಕೆ ಬರುವ ಹೊತ್ತಿಗೆ ಆ ಬಣ್ಣದ ಗೆರೆ ಬಹುಮಟ್ಟಿಗೆ ಮಾಯವಾಗುತ್ತದೆ. ಬೆಳಕು ಅನುಮತಿಸಿದಾಗಲೆಲ್ಲ ನಾನು ಎಫ್/2.2ರಲ್ಲೇ ಇರುತ್ತೇನೆ, 1.8 ಎಂಬುದನ್ನು ಕೊನೆಗೆ ಮುಟ್ಟುವ ಉಳಿತಾಯದಂತೆ ಇಟ್ಟುಕೊಂಡಿರುವುದು ಒಳ್ಳೆಯದು. ವೇದಿಕೆಯ ಹಿಂದಿನಿಂದ ಪ್ರೇಕ್ಷಕರತ್ತ ಹೊಡೆಯುವ ದೀಪಗಳಿದ್ದರೆ ಚಿತ್ರಕ್ಕೆ ಹಾಲಿನಂಥ ಪೊರೆ ಬರುತ್ತದೆ. ಅದಕ್ಕೆ ಇಎಸ್-68 ಎಂಬ ಹುಡ್ (ಲೆನ್ಸಿನ ಮುಂದೆ ಕೂರುವ ನೆರಳಿನ ಕೊಳವೆ) ಇದೆ, ಆದರೆ ಅದು ಲೆನ್ಸಿನ ಜೊತೆ ಬರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು. ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆಯೂ ಇದರಲ್ಲಿಲ್ಲ. ಮೊಣಕೈಯನ್ನು ಹೊಟ್ಟೆಗೆ ಒತ್ತಿ, ಉಸಿರು ಬಿಗಿಹಿಡಿಯುವುದೇ ಪರಿಹಾರ.

ಸದ್ದಿನ ವಿಷಯಕ್ಕೆ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಅಂಗಡಿಯಲ್ಲಿ ಯಾರೂ ಇದನ್ನು ಹೇಳುವುದಿಲ್ಲ. ಎಸ್‌ಟಿಎಂ ಎಂದರೆ ಸ್ಟೆಪ್ಪಿಂಗ್ ಮೋಟರ್. ಈ ಲೆನ್ಸಿನಲ್ಲಿರುವುದು ಹಲ್ಲುಚಕ್ರಗಳ ಮೂಲಕ ಗಾಜನ್ನು ನೂಕುವ ಬಗೆಯದು. ಹಳೆಯ ಆವೃತ್ತಿಯ ಗರಗರ ಸದ್ದಿಗೆ ಹೋಲಿಸಿದರೆ ಇದು ಎಷ್ಟೋ ಸೌಮ್ಯ, ಆದರೂ ಪೂರ್ತಿ ಮೌನಿಯಲ್ಲ. ಚಪ್ಪರದ ಕಛೇರಿಯಲ್ಲಿ ಇದು ಯಾರ ಕಿವಿಗೂ ಬೀಳದು. ಧಾರವಾಡದ ಕಡೆಯ ಮನೆಬೈಠಕ್ಕಿನಲ್ಲಿ, ಜಮಖಾನೆಯ ಮೇಲೆ ಗಾಯಕರಿಂದ ಎರಡು ಮಾರು ದೂರದಲ್ಲಿ ಕೂತಾಗ, ವಿಲಂಬಿತದ ಎರಡು ಮಾತ್ರೆಗಳ ನಡುವಿನ ಮೌನದಲ್ಲಿ ಮಾತ್ರ ಇದು ಪಕ್ಕದವರಿಗೆ ಕೇಳಿಸುತ್ತದೆ. ಕ್ಯಾಮೆರಾದ ಸ್ವಂತ ಮೈಕಿನಿಂದ ವಿಡಿಯೊ ತೆಗೆದರೆ ಧ್ವನಿಮುದ್ರಣದಲ್ಲೂ ಸೇರಿಕೊಳ್ಳುತ್ತದೆ. ಅಂಥ ಕಡೆ ಒಮ್ಮೆ ಫೋಕಸ್ ಮಾಡಿ, ಬದಿಯ ಗುಂಡಿಯನ್ನು ಕೈಯಿಂದ ಫೋಕಸ್ ಮಾಡುವ ಎಂಎಫ್‌ಗೆ ಸರಿಸಿ ಬಿಡುವುದು ಜಾಣತನ, ಕೂತವರು ಎಲ್ಲಿಗೂ ಓಡಿಹೋಗುವುದಿಲ್ಲ. ಲೆನ್ಸಿಗಿಂತ ದೊಡ್ಡ ಅಪರಾಧಿ ಡಿಎಸ್‌ಎಲ್‌ಆರ್ ಕ್ಯಾಮೆರಾದ ಕನ್ನಡಿ, ಆ ಟಪ್ಪೆನ್ನುವ ಸದ್ದು ಹಿಂದಿನ ಮೂರು ಸಾಲಿಗೆ ಕೇಳಿಸುತ್ತದೆ. ನಿಶ್ಶಬ್ದ ಶಟರಿನ ಸೌಲಭ್ಯವಿದ್ದರೆ ಅದನ್ನು ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಆಲಾಪನೆಯ ಉದ್ದಕ್ಕೂ ಕ್ಯಾಮೆರಾವನ್ನು ಮಡಿಲಲ್ಲಿಟ್ಟು, ತನಿ ಆವರ್ತನಕ್ಕೋ ತಿಲ್ಲಾನಕ್ಕೋ ಕಾಯಬೇಕು. ಫ್ಲ್ಯಾಷ್ ಬಳಸುವಂತಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ. ಆದರೆ ಫೋಕಸಿಗೆ ನೆರವಾಗಲೆಂದು ಕೆಲವು ಕ್ಯಾಮೆರಾಗಳು ತಾವಾಗಿಯೇ ಹೊತ್ತಿಸುವ ಸಹಾಯಕ ದೀಪವನ್ನೂ ಮೆನುವಿನಲ್ಲಿ ಹುಡುಕಿ ಆರಿಸಿಡಬೇಕು, ಅದು ನೇರ ಹೋಗಿ ಬೀಳುವುದು ಹಾಡುತ್ತಿರುವವರ ಕಣ್ಣಿಗೆ.

ಈ ಮಿತಿಗಳೆಲ್ಲ ಸೇರಿ ಒಂದು ಉಪಕಾರ ಮಾಡುತ್ತವೆ ಎಂಬುದು ನನ್ನ ಅಭಿಪ್ರಾಯ. ಝೂಮ್ ಇಲ್ಲದ್ದರಿಂದ ಕೈ ಸುಮ್ಮನಿರುತ್ತದೆ. ಕೂತ ಜಾಗದಿಂದ ಏನು ಸಿಗುತ್ತದೆಂದು ಮೊದಲ ಕೀರ್ತನೆಯಲ್ಲೇ ಗೊತ್ತಾಗಿಬಿಡುವುದರಿಂದ ಉಳಿದ ಹೊತ್ತು ಕಿವಿಗೆ ಬಿಡುವಾಗುತ್ತದೆ. ರಾಗ ಏರುವ ದಾರಿಯನ್ನು ಕೇಳುತ್ತಾ ಕೂತವನಿಗೆ, ಗಾಯಕರ ಕೈ ಯಾವಾಗ ಮೇಲೇಳುತ್ತದೆಂಬುದು ಒಂದು ಕ್ಷಣ ಮುಂಚೆ ತಿಳಿಯುತ್ತದೆ. ತಾಳ ಹಾಕುತ್ತಿರುವವನಿಗೆ ಕೊರಪ್ಪು (ತಾಳವಾದ್ಯದವರ ಸವಾಲು-ಜವಾಬು) ಮುಗಿದು ಮುಕ್ತಾಯ ಬೀಳುವ ಜಾಗ ಗೊತ್ತಿರುತ್ತದೆ, ಅಲ್ಲಿ ವಾದಕರಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುವುದು ಖಚಿತ. ಸೆಕೆಂಡಿಗೆ ಹತ್ತು ಚಿತ್ರ ಹೊಡೆಯುವ ದುಬಾರಿ ಕ್ಯಾಮೆರಾ ಆ ನಗುವನ್ನು ರಾಶಿಯಲ್ಲಿ ಹುಡುಕಿ ತೆಗೆಯುತ್ತದೆ. ಕೇಳಿಸಿಕೊಂಡು ಕೂತವನಿಗೆ ಅದು ಒಂದೇ ಚಿತ್ರದಲ್ಲಿ ಸಿಗುತ್ತದೆ.

ಬೆಳಕಿನ ಬಗ್ಗೆ ಎರಡು ಮಾತು. ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಹಳೆಯ ಟ್ಯೂಬ್‌ಲೈಟುಗಳು ಸೆಕೆಂಡಿಗೆ ನೂರು ಬಾರಿ ಮಿಣುಕುತ್ತವೆ. ಶಟರನ್ನು 100ನೇ ಅಥವಾ 50ನೇ ಒಂದು ಭಾಗದಲ್ಲಿ ಇಟ್ಟರೆ ಚಿತ್ರದಿಂದ ಚಿತ್ರಕ್ಕೆ ಬೆಳಕು ಏರುಪೇರಾಗುವುದಿಲ್ಲ. ಈಚಿನ ಎಲ್‌ಇಡಿ ದೀಪಗಳ ಮಿಣುಕಿಗೆ ಇಂಥ ಒಂದೇ ಲೆಕ್ಕವಿಲ್ಲ, ಮಿರರ್‌ಲೆಸ್ (ಕನ್ನಡಿಯಿಲ್ಲದ) ಕ್ಯಾಮೆರಾದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಚಿತ್ರದ ಮೇಲೆ ಅಡ್ಡ ಪಟ್ಟೆಗಳು ಬೀಳುವ ಸಂಭವವಿದೆ. ಇನ್ನು ಈಗಿನ ಸಂಘಟಕರಿಗೆ ಪ್ರಿಯವಾದ ಕೆಂಪು, ನೇರಳೆ, ನೀಲಿ ದೀಪಗಳ ಕೆಳಗೆ ಕಂಚಿಯ ಅರಗಿನ ಬಣ್ಣದ ಸೀರೆ ಒಂದೇ ಮುದ್ದೆಯಾಗಿ, ಮುಖ ಕೆಂಪು ಬಳಿದಂತಾಗುತ್ತದೆ. ಯಾವ ಲೆನ್ಸಿಗೂ ಇದನ್ನು ಸರಿಪಡಿಸಲಾಗದು. ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ರೂಪದಲ್ಲಿ) ತೆಗೆದು, ಮನೆಯಲ್ಲಿ ಕಪ್ಪುಬಿಳುಪಿಗೆ ತಿರುಗಿಸುವುದು ಮರ್ಯಾದೆ ಉಳಿಸುವ ಉಪಾಯ. ಬಿಳಿ ಜುಬ್ಬಾ, ಬಿಳಿ ಪಂಚೆ, ಹಿಂದೆ ಕಪ್ಪು ಪರದೆ ಎಂಬ ಜೋಡಣೆಯಲ್ಲಿ ಕ್ಯಾಮೆರಾದ ಮೀಟರ್ ಕತ್ತಲೆಯನ್ನು ನೋಡಿ ಬೆಳಕು ಏರಿಸುತ್ತದೆ, ಜುಬ್ಬಾದ ನಿರಿಗೆಗಳೆಲ್ಲ ಸುಣ್ಣ ಬಳಿದಂತೆ ಅಳಿಸಿಹೋಗುತ್ತವೆ. ಮ್ಯಾನುಯಲ್ ಮೋಡಿನಲ್ಲಿ ಮುಖಕ್ಕೆ ತಕ್ಕಂತೆ ಒಮ್ಮೆ ಹೊಂದಿಸಿಕೊಂಡರೆ ವೇದಿಕೆಯ ದೀಪ ಬದಲಾಗುವವರೆಗೆ ಮತ್ತೆ ಮುಟ್ಟಬೇಕಿಲ್ಲ.

ಕಛೇರಿಗಳಿಲ್ಲದ ದಿನಗಳಲ್ಲಿ ಈ ಲೆನ್ಸು ಬೀರುವಿನಲ್ಲಿ ಕೂರುವುದಿಲ್ಲವೆಂಬುದು ಇದರ ಇನ್ನೊಂದು ಹೆಚ್ಚುಗಾರಿಕೆ. 35 ಸೆಂಟಿಮೀಟರಿನವರೆಗೆ ಹತ್ತಿರ ಹೋಗಬಹುದಾದ್ದರಿಂದ, ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ ಚೌಕಟ್ಟಿನ ಅಗಲಕ್ಕೆ ಸುಮಾರು ಹತ್ತೂವರೆ ಸೆಂಟಿಮೀಟರ್ ಜಗತ್ತು ಸಿಗುತ್ತದೆ. ಅಷ್ಟರಲ್ಲಿ ಬೆಳಗಿನ ಕಾಫಿಯ ಲೋಟ ಅರ್ಧಕ್ಕಿಂತ ಹೆಚ್ಚು ಜಾಗ ತುಂಬುತ್ತದೆ. ಪೂರ್ವದ ಕಿಟಕಿಯಿಂದ ಓರೆಯಾಗಿ ಬೀಳುವ ಬಿಸಿಲಿನಲ್ಲಿ, ನೊರೆಯ ಅಂಚಿನ ಒಂದು ಗುಳ್ಳೆಗೆ ಫೋಕಸ್ ಮಾಡಿದರೆ, ಆ ಗುಳ್ಳೆಯಲ್ಲಿ ಕಿಟಕಿಯ ಸರಳುಗಳು ಬಾಗಿ ಕಾಣುತ್ತವೆ. ಲೋಟದ ಆಚೆಯ ಅಂಚು ಆಗಲೇ ಮಸುಕು, ಅದರಾಚೆಯ ದಬರಿ ಬರಿಯ ಹಿತ್ತಾಳೆ ಬಣ್ಣ. ಗಾಂಧಿಬಜಾರಿನ ಹೂವಿನ ಸಾಲಿನಲ್ಲಿ ಮುಂಜಾವಿನ ಹೊತ್ತು, ಮಾರು ಹಾಕುವ ಕೈಯನ್ನು ಎರಡು ಹೆಜ್ಜೆ ದೂರದಿಂದ ತೆಗೆಯಲು ಇದಕ್ಕಿಂತ ಒಳ್ಳೆಯ ಉಪಕರಣ ನನಗೆ ತಿಳಿಯದು. ದೊಡ್ಡ ಲೆನ್ಸು ಎತ್ತಿದರೆ ಹೂವಾಡಗಿತ್ತಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತುಬಿಡುತ್ತಾರೆ. ಇದನ್ನು ಕಂಡರೆ ‘ಒಂದು ಮೊಳ ತಗೊಂಡೋಗಪ್ಪ’ ಎಂದು ವ್ಯಾಪಾರಕ್ಕೆ ಮರಳುತ್ತಾರೆ. ಕೇಳಿ ತೆಗೆಯುವುದು, ತೆಗೆದದ್ದನ್ನು ತೋರಿಸುವುದು, ಒಂದು ಮೊಳ ಕೊಳ್ಳುವುದು ಅಲ್ಲಿನ ನಡವಳಿಕೆ.

ಪ್ರಯೋಗಪ್ರಿಯರಿಗೆ ಇದರ ಜೊತೆ ಮಾಡಬಹುದಾದ ಆಟಗಳು ಹಲವು, ಖರ್ಚೂ ಕಡಿಮೆ. ನನಗೆ ಹೆಚ್ಚು ಸುಖ ಕೊಟ್ಟಿರುವುದು ಎಕ್ಸ್‌ಟೆನ್ಷನ್ ಟ್ಯೂಬ್, ಅಂದರೆ ಲೆನ್ಸು ಮತ್ತು ಕ್ಯಾಮೆರಾದ ನಡುವೆ ಕೂರುವ, ಒಳಗೆ ಗಾಜಿಲ್ಲದ ಉಂಗುರ. 25 ಎಂಎಂ ಉಂಗುರ ಹಾಕಿದೊಡನೆ ಈ ಲೆನ್ಸು ವಸ್ತುವನ್ನು ಸೆನ್ಸರಿನ ಮೇಲೆ ಅದರ ನಿಜಗಾತ್ರದ ಅರ್ಧಕ್ಕಿಂತ ಹೆಚ್ಚಾಗಿ ಮೂಡಿಸಬಲ್ಲದು. ಕಛೇರಿಗೆ ಮುಂಚೆ ಅಥವಾ ಗೆಳೆಯರ ಮನೆಯ ಅಭ್ಯಾಸದ ಹೊತ್ತಿನಲ್ಲಿ ವಾದ್ಯಗಳ ಹತ್ತಿರ ಹೋಗಲು ಅನುಮತಿ ಸಿಕ್ಕರೆ, ದೂರದಿಂದ ಕಾಣದ ಒಂದು ಲೋಕ ತೆರೆದುಕೊಳ್ಳುತ್ತದೆ. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ಸಿಕ್ಕಿಸಿದ ಹತ್ತಿ ದಾರದ ಎಳೆಗಳು ಒಂದೊಂದಾಗಿ ಎಣಿಸುವಂತೆ ಕಾಣುತ್ತವೆ. ಆ ಎಳೆ ಕೂದಲೆಳೆಯಷ್ಟು ಸರಿದರೆ ನಾದದ ಝೇಂಕಾರ ಹುಟ್ಟುವುದೂ ಸಾಯುವುದೂ ಅಲ್ಲೇ. ಮೃದಂಗದ ಬಲಮುಖದ ಕರಣೆ ದೂರಕ್ಕೆ ನುಣುಪಾದ ಕಪ್ಪು ಬಿಲ್ಲೆ. ಹತ್ತಿರದಲ್ಲಿ ಅದು ಒಣಗಿದ ಕೆರೆಯಂಗಳದಂತೆ ಸಣ್ಣ ಸಣ್ಣ ಬಿರುಕುಗಳ ಜಾಲ. ಎಡಮುಖಕ್ಕೆ ಮೆತ್ತಿದ ರವೆಯ ಮುದ್ದೆಯ ಮೇಲೆ ವಾದಕರ ಬೆರಳಿನ ಗುರುತುಗಳು ಹಾಗೇ ಉಳಿದಿರುತ್ತವೆ. ಟ್ಯೂಬು ಕೊಳ್ಳುವಾಗ ವಿದ್ಯುತ್ ಸಂಪರ್ಕದ ಚುಕ್ಕಿಗಳಿರುವುದನ್ನೇ ಆರಿಸಬೇಕು. ಈ ಲೆನ್ಸಿನ ಫೋಕಸ್ ಬಳೆ ಕೈಯಿಂದ ತಿರುಗಿಸಿದರೂ ಕೆಲಸ ಮಾಡಿಸುವುದು ಮೋಟರಿನ ಮೂಲಕ. ಸಂಪರ್ಕ ಕಡಿದರೆ ಫೋಕಸೂ ಇಲ್ಲ, ಅಪರ್ಚರೂ ಇಲ್ಲ. ಅದೇ ಕಾರಣಕ್ಕೆ ಲೆನ್ಸನ್ನು ತಿರುಗುಮುರುಗಾಗಿ ಕೂರಿಸುವ ಹಳೆಯ ಜುಗಾಡಿಗೆ ಇದು ಅಷ್ಟು ಒಗ್ಗುವುದಿಲ್ಲ.

ಕಪ್ಪು ಕಾಗದದ ಆಟ ಇನ್ನೂ ಅಗ್ಗ. ಲೆನ್ಸಿನ ಮುಂಭಾಗಕ್ಕೆ ಕೂರುವಂತೆ ದಪ್ಪ ಕಪ್ಪು ಕಾಗದವನ್ನು ದುಂಡಗೆ ಕತ್ತರಿಸಿ, ನಡುವೆ ಎಲೆಯದೋ ನಕ್ಷತ್ರದ್ದೋ ಆಕಾರ ಕೊರೆದರೆ, ಹಿನ್ನೆಲೆಯ ದೂರದ ದೀಪಗಳೆಲ್ಲ ಅದೇ ಆಕಾರ ತಾಳುತ್ತವೆ. 50 ಎಂಎಂ ಅನ್ನು 1.8ರಿಂದ ಭಾಗಿಸಿದರೆ ಬರುವ 28 ಎಂಎಂ ಈ ಲೆನ್ಸಿನ ಕಿಂಡಿಯ ಅಗಲ. ಕೊರೆದ ಆಕಾರ ಅದಕ್ಕಿಂತ ಚಿಕ್ಕದಾಗಿ, ಒಂದೂವರೆ ಎರಡು ಸೆಂಟಿಮೀಟರಿನೊಳಗೆ ಇದ್ದರೆ ಮಾತ್ರ ಫಲ ಕಾಣುತ್ತದೆ, ಅಪರ್ಚರನ್ನು ಪೂರ್ತಿ ತೆರೆದೇ ಇಡಬೇಕು. ಕಾರ್ತೀಕದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ಸೇರುವ ಕಡಲೆಕಾಯಿ ಪರಿಷೆಯ ಇರುಳು ಇದಕ್ಕೆ ಪ್ರಶಸ್ತ, ರಸ್ತೆಯ ಉದ್ದಕ್ಕೂ ಸೀರಿಯಲ್ ಸೆಟ್ಟುಗಳು ತೂಗುತ್ತಿರುತ್ತವೆ. ಇನ್ನೊಂದು ಆಟ ನಿಧಾನ ಶಟರಿನದು. ಶಟರನ್ನು ಸೆಕೆಂಡಿನ ಎಂಟನೇ ಒಂದು ಭಾಗಕ್ಕೆ ಇಳಿಸಿ, ಕ್ಯಾಮೆರಾವನ್ನು ಮುಂದಿನ ಕುರ್ಚಿಯ ಬೆನ್ನಿಗೆ ಆನಿಸಿ ಒತ್ತಿದರೆ, ಘಟ ವಾದಕರ ಮುಖ ನಿಶ್ಚಲವಾಗಿದ್ದು ಕೈಗಳು ಮಾತ್ರ ಹೊಗೆಯಾಗುತ್ತವೆ. ಹತ್ತರಲ್ಲಿ ಒಂಬತ್ತು ಕೆಡುತ್ತವೆ, ಉಳಿದೊಂದಕ್ಕೆ ಕಾಯುವ ತಾಳ್ಮೆ ಬೇಕು.

ಹೊಸದನ್ನೇ ಕೊಳ್ಳಬೇಕೇ? ಬಳಸಿದ್ದು ಕೂಡ ಧಾರಾಳವಾಗಿ ಸಿಗುತ್ತದೆ, ಆದರೆ ಮೂರು ಸಂಗತಿ ನೋಡಿಕೊಳ್ಳಬೇಕು. ಮಾರುವವರು 50 1.8 ಎಂದಷ್ಟೇ ಹೇಳಿದರೆ ಅದು ಪ್ಲಾಸ್ಟಿಕ್ ಮೌಂಟಿನ ಹಳೆಯದೂ ಇರಬಹುದು. ಹಿಂಬದಿಯ ಲೋಹ ನೋಡಿದರೆ ತಿಳಿಯುತ್ತದೆ, ಫಿಲ್ಟರಿನ ಅಳತೆಯೂ ಹಳೆಯದರದು 52 ಎಂಎಂ, ಹೊಸದರದು 49. ಎರಡನೆಯದು ಬೂಸ್ಟು. ಮಲೆನಾಡಿನಲ್ಲೋ ಕರಾವಳಿಯಲ್ಲೋ ಮಳೆಗಾಲ ಕಳೆದ ಲೆನ್ಸಿನೊಳಗೆ ಜೇಡನ ಬಲೆಯಂಥ ಎಳೆಗಳು ಬೆಳೆದಿರುತ್ತವೆ. ಫೋನಿನ ಟಾರ್ಚನ್ನು ಹಿಂದಿನಿಂದ ಹಾಯಿಸಿ ನೋಡಬೇಕು. ಕೊಂಡ ಮೇಲೂ ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುವುದು ಲೇಸು. ಮೂರನೆಯದು, ಮುಂಭಾಗಕ್ಕೆ ಪೆಟ್ಟು ಬಿದ್ದಿದೆಯೇ ಎಂಬುದು, ಏಕೆಂದರೆ ಫೋಕಸ್ ಮಾಡುವಾಗ ಹೊರಚಾಚುವ ಒಳನಳಿಗೆಯೇ ಇದರ ಎಲ್ಲಕ್ಕಿಂತ ನಾಜೂಕಾದ ಭಾಗ. ಕ್ಯಾನನ್ನಿನ ಮಿರರ್‌ಲೆಸ್ ಆರ್‌ಎಫ್ ಕ್ಯಾಮೆರಾ ಇರುವವರು ಇದನ್ನು ಅಡಾಪ್ಟರಿನ ಮೂಲಕ ಬಳಸಬಹುದು, ಆದರೆ 2020ರಲ್ಲಿ ಬಂದ ಆರ್‌ಎಫ್ 50 ಎಂಎಂ ಎಫ್/1.8 ಅಷ್ಟೇ ತೂಕದ್ದಾಗಿ, 30 ಸೆಂಟಿಮೀಟರಿನವರೆಗೆ ಹತ್ತಿರ ಹೋಗುವುದರಿಂದ ಹೊಸದಾಗಿ ಕೊಳ್ಳುವವರಿಗೆ ಅದೇ ಸರಿ. ನಿಕಾನ್ ಬಳಗದವರಿಗೆ ಇದರ ಸಾಟಿ 50 ಎಂಎಂ ಎಫ್/1.8ಜಿ; ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ‘ಡಿ’ ಅಕ್ಷರದ್ದನ್ನು ಕೊಂಡರೆ ಡಿ3000, ಡಿ5000 ಸರಣಿಯ ಕ್ಯಾಮೆರಾಗಳಲ್ಲಿ ಆಟೋಫೋಕಸ್ ಕೆಲಸ ಮಾಡುವುದಿಲ್ಲ.

ಇಕ್ಕಟ್ಟಾದ ಬೈಠಕ್ಕುಗಳಿಗೇ ಹೆಚ್ಚು ಹೋಗುವವರಿಗೆ 50 ಎಂಎಂ ಉದ್ದವಾಯಿತು. ಎರಡು ಮೀಟರಿನಲ್ಲಿ ಚೌಕಟ್ಟಿನ ಅಗಲ ಒಂದು ಮೀಟರಿಗೂ ಕಡಿಮೆಯಾಗಿ, ಗಾಯಕರು ಸಿಕ್ಕಿದರೆ ತಬಲಾ ಹೊರಗುಳಿಯುತ್ತದೆ. ಅವರಿಗೆ ಕ್ಯಾನನ್ನಿನದೇ 24 ಎಂಎಂ ಎಫ್/2.8 ಎಸ್‌ಟಿಎಂ ಮೇಲು. ಬ್ಯಾಂಡುಗಳ ಬಯಲು ಕಾರ್ಯಕ್ರಮಗಳಲ್ಲಿ, ಕುಣಿಯುವ ಗುಂಪಿನ ನಡುವೆ ನಿಂತು ತೆಗೆಯುವವರಿಗೆ ಝೂಮ್ ಇಲ್ಲದ್ದು ನಿಜಕ್ಕೂ ಕಷ್ಟ. ಉಳಿದಂತೆ, ಸಭೆಯ ಮೊದಲ ಎಂಟು ಹತ್ತು ಸಾಲಿನಲ್ಲಿ ಕೂತು ಕೇಳುವ ರೂಢಿಯಿರುವ ಯಾವ ಹವ್ಯಾಸಿಗೂ ಕಿಟ್ ಲೆನ್ಸಿನ ನಂತರದ ಮೊದಲ ಖರೀದಿಯಾಗಿ ಇದನ್ನು ಹಿಂಜರಿಕೆಯಿಲ್ಲದೆ ಸೂಚಿಸುತ್ತೇನೆ. ಹತ್ತನೇ ಸಾಲಿನಾಚೆ ಕೂರುವವರು ಲೆನ್ಸಿನ ದುಡ್ಡನ್ನು ಸೀಸನ್ ಟಿಕೆಟಿಗೆ ಸೇರಿಸಿ, ಮೊದಲು ಮುಂದಿನ ಸಾಲಿಗೆ ಬರಲಿ.